ತೇಗ್ಯು ಜೋಡಿಸಿದ ಪೆಟ್ಟಿಗೆ

"ಕೈ ತೆಗಿ! ಪ್ಲಗ್ ಹಾಕ್ಬೇಡ!"

ಇಲ್‌ಸೋಪ್ ಎದ್ದ ರಭಸಕ್ಕೆ ಬಟ್ಟಲು ಮಗುಚಿ, ಮಾಂಸದ ಕೆಂಪು ಸಾರು ಮೇಜಿನುದ್ದಕ್ಕೂ ಹರಿಯಿತು. ದೇಗು ನಗರದ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಅಂತಿಮ ದರ್ಶನದ ಕೋಣೆ; ಬಂದವರಿಗೆ ಊಟವೂ ಅಲ್ಲೇ. ಬಿಳಿ ಸೇವಂತಿಗೆಗಳ ನಡುವೆ ತೀರಿಕೊಂಡ ತೇಗ್ಯುವಿನ ಭಾವಚಿತ್ರ, ಅದರ ಕೆಳಗೆ ಅವನೇ ಮಾಡಿದ ಅಲ್ಯೂಮಿನಿಯಂ ಪೆಟ್ಟಿಗೆಯ ಆಂಪ್ಲಿಫೈಯರ್. ಪ್ಲಗ್ ಹಿಡಿದಿದ್ದ ಅವನ ಮಗಳು ಹ್ಯೆರಿಮ್ ಬೆಚ್ಚಿ ನಿಂತಳು.

"ಯಾಕೆ ಚಿಕ್ಕಪ್ಪ? ಅಪ್ಪನ್ನ ಇಲ್ಲಿಂದ ಹೊರಡಿಸೋ ಮುಂಚೆ ಅವರ ಇಷ್ಟದ ಹಾಡು ಹಾಕೋಣ ಅಂತ. ಅವರು ಕೊನೇಲಿ ಮಾಡಿದ್ದು ಈ ಪೆಟ್ಟಿಗೇನೇ."

"ಅದಕ್ಕೇ ಬೇಡ ಅಂದಿದ್ದು."

ಕ್ಷೌರದಂಗಡಿಯ ಮುದುಕ ಮಾ ನಕ್ಕ. "ಏನೋ ನಿಂದು? ನನ್ನಂಗಡೀಲೂ ತೇಗ್ಯು ಕಟ್ಟಿದ್ದೇ ಇರೋದು. ಇವತ್ತಿನವರೆಗೂ ಒಂದ್ಸಲ ಕೆಮ್ಮಿಲ್ಲ ಅದು. ಬಸ್ ಓಡಿಸ್ತಿದ್ದವನ ಕೈ ಅಂದ್ರೆ ಯಾರಾದ್ರೂ ನಂಬ್ತಾರಾ?"

ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. 

*

ತೇಗ್ಯು ನಿವೃತ್ತನಾದ ಮೇಲೆ, ಇಲೆಕ್ಟ್ರಾನಿಕ್ಸ್ ಓಣಿಯಲ್ಲಿದ್ದ ಇಲ್‌ಸೋಪನ ರಿಪೇರಿ ಅಂಗಡಿಗೆ ಗಿರಾಕಿಯಾಗಿ ಬಂದವನು ಆಂಪ್ಲಿಫೈಯರ್ ಜೋಡಿಸುವುದನ್ನು ಕಲಿಯುತ್ತಾ ಅಲ್ಲೇ ಉಳಿದು, ಅವನಿಗೆ ಅಣ್ಣನಂತಾಗಿಬಿಟ್ಟ. ಬೆಸುಗೆ ಒಂದು ಮಟ್ಟಿಗೆ ಕೈಗೆ ಹತ್ತಿತು. ಪೆಟ್ಟಿಗೆಯೊಳಗೆ ಸಾಮಾನು ಕೂರಿಸುವ ಕೆಲಸ ಮಾತ್ರ ಒಲಿಯಲಿಲ್ಲ. ಕಲ್ಲಿನಂತೆ ತೂಗುವ ಟ್ರಾನ್ಸ್‌ಫಾರ್ಮರನ್ನು ಎರಡೇ ಸ್ಕ್ರೂಗೆ ನೇತುಹಾಕುತ್ತಿದ್ದ. ಕರೆಂಟಿನ ತಂತಿಯನ್ನು ತಗಡಿನ ಚೂಪು ತೂತಿನಲ್ಲಿ ಹಾಗೇ ಎಳೆಯುತ್ತಿದ್ದ. ಅರ್ಥಿಂಗ್ ತಂತಿಯನ್ನು ತಗಡಿಗೇ ತಾಗದ ಹಾಗೆ ಬಣ್ಣದ ಮೇಲೇ ಬಿಗಿಯುತ್ತಿದ್ದ.

"ನನ್ನ ಬಸ್ಸಲ್ಲಿ ಜನ ಹೇಗೋ ಹಿಡ್ಕೊಂಡು ನಿಲ್ತಿರ್ಲಿಲ್ವಾ? ಇವೂ ನಿಲ್ತಾವೆ ಬಿಡೋ," ಎಂದು ನಗುತ್ತಿದ್ದ. ಮುಗಿದ ಪೆಟ್ಟಿಗೆಯನ್ನು ಯಾರಿಗಾದರೂ ಪುಕ್ಕಟೆ ಕೊಟ್ಟುಬಿಡುತ್ತಿದ್ದ.

ಅವನು ಕೊಟ್ಟು ಬಂದ ಕಡೆಗೆಲ್ಲ ಇಲ್‌ಸೋಪ್ ಧೂಳು ಹೊಡೆಯುವ ನೆವದಲ್ಲಿ ಹೋಗಿ, ಗುಟ್ಟಾಗಿ ಬಿಚ್ಚಿ, ಸರಿಮಾಡಿ ಬರುತ್ತಿದ್ದ. ಮೊದಮೊದಲು ಯಾರಿಗಾದರೂ ಶಾಕ್ ಹೊಡೆದೀತೆಂಬ ಭಯ. ಬರುಬರುತ್ತಾ ಅದರಲ್ಲೊಂದು ರುಚಿ ಹತ್ತಿತು. ಜನ ತೇಗ್ಯುವನ್ನು ಹೊಗಳಿದಾಗಲೆಲ್ಲ ಒಳಗೊಳಗೇ ನಗುವ ರುಚಿ.

ಒಮ್ಮೆ ಮಾ ಮುದುಕನ ಕ್ಷೌರದಂಗಡಿಯಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದು ಕೂತಿದ್ದಾಗ ತೇಗ್ಯುವೇ ಕ್ಷೌರಕ್ಕೆ ಬಂದುಬಿಟ್ಟ.

"ಧೂಳು ಹೊಡೀತಿದ್ದೆ ಅಣ್ಣ," ಎಂದ ಇಲ್‌ಸೋಪ್.

ತೇಗ್ಯು ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡ. "ಹೊಡಿ, ಹೊಡಿ. ರಸ್ತೆ ಧೂಳು ಜಾಸ್ತಿ ಇಲ್ಲಿ."

*

"ಅದು ಕೆಮ್ಮದೇ ಇರೋದು ನಾನು ಮತ್ತೆ ಕಟ್ಟಿದ್ದಕ್ಕೆ!" ಇಲ್‌ಸೋಪನ ದನಿ ತನಗೇ ಗೊತ್ತಿಲ್ಲದೆ ಏರಿತು. "ಅದೊಂದೇ ಅಲ್ಲ, ಅವನು ಕೊಟ್ಟಿದ್ದನ್ನೆಲ್ಲ ನಾನೇ ಬಿಚ್ಚಿ ಕಟ್ಟಿದೀನಿ. ಅವನಿಗೆ ಬರ್ತಿರ್ಲಿಲ್ಲ. ಇದನ್ನ ನಾನಿನ್ನೂ ಮುಟ್ಟಿಲ್ಲ. ಪ್ಲಗ್ ಹಾಕಿ ಇನ್ನೊಂದು ಹೆಣ ಬೀಳಿಸ್ತೀರಾ?"

 ಮಾ ತನ್ನ ಮದ್ಯದ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಮೂಲೆಯಲ್ಲಿದ್ದ ತೇಗ್ಯುವಿನ ಹೆಂಡತಿ ಬೋಕ್‌ಸುನ್ ಎದ್ದು ಬಂದಳು.

"ಬಿಚ್ಚಿ ನೋಡು ಹಾಗಾದ್ರೆ."

"ಅತ್ತಿಗೆ, ನಾನು ಹೇಳಿದ್ದು..."

"ನೋಡು."

ಇಲ್‌ಸೋಪ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮಂಡಿಯೂರಿದ. ಮುಚ್ಚಳ ಎತ್ತಿದ.

ಟ್ರಾನ್ಸ್‌ಫಾರ್ಮರ್ ನಾಲ್ಕೂ ಮೂಲೆಯಲ್ಲಿ ಬೋಲ್ಟ್ ಬಿಗಿಸಿಕೊಂಡು, ಅವು ಸಡಿಲವಾಗದಂತೆ ಅಡಿಯಲ್ಲಿ ಸ್ಪ್ರಿಂಗ್ ವಾಷರ್ ಹಾಕಿಸಿಕೊಂಡು ಕೂತಿತ್ತು. ತಂತಿ ಹಾಯುವ ತೂತಿಗೆ ರಬ್ಬರ್ ಬಳೆ. ಕೆಪಾಸಿಟರ್‌ಗಳ ಸೊಂಟಕ್ಕೆ ಪಟ್ಟಿ. ಅರ್ಥಿಂಗ್ ತಂತಿ ಕೂತಲ್ಲಿ ಬಣ್ಣವನ್ನು ಉಜ್ಜಿ ಉಜ್ಜಿ ತೆಗೆದಿದ್ದರಿಂದ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಅವನು ಒಂದೊಂದೇ ಬೋಲ್ಟನ್ನು ಬೆರಳಿಂದ ಅಲ್ಲಾಡಿಸಿ ನೋಡಿದ. ಒಂದಾದರೂ ಸಡಿಲವಿದ್ದರೆ ಸಾಕಿತ್ತು ಎಂದು ಒಳಗೆ ಆಸೆಪಡುತ್ತಲೇ ನೋಡಿದ. ಯಾವುದೂ ಅಲುಗಲಿಲ್ಲ.

"ಇದನ್ನ ಎಷ್ಟು ಸಲ ಬಿಚ್ಚಿ ಕಟ್ಟಿದ್ರೋ ನಿಮ್ಮಣ್ಣ," ಎಂದಳು ಬೋಕ್‌ಸುನ್. "ನೀನು ಸರಿಮಾಡಿದ ಪೆಟ್ಟಿಗೆಗಳನ್ನೇ ಒಂದೊಂದಾಗಿ ಇಸ್ಕೊಂಡು ಬಂದು, ಬಿಚ್ಚಿಟ್ಕೊಂಡು, ನೋಡಿ ಕಲಿತರು. ಕೈ ನಡುಗ್ತಿತ್ತು, ಆದ್ರೂ ಬಿಡ್ಲಿಲ್ಲ."

"ಅವನಿಗೆ... ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನಿನ್ನನ್ನೇ ಕೇಳಿಬಿಡಿ ಅಂತ ನಾನೇ ಅಂದಿದ್ದೆ. ಬೇಡ ಕಣೇ, ನಾಲ್ಕು ಜನರ ಮುಂದೆ ಅವನಿಗೆ ನಾಚಿಕೆ ಆಗುತ್ತೆ ಅಂದ್ರು."

ಇಲ್‌ಸೋಪನ ಕಿವಿ ಸುಡತೊಡಗಿತು. ಬೆನ್ನ ಹಿಂದೆ ಯಾರ‍್ಯಾರು ಕೂತಿದ್ದಾರೆಂದು ಅವನಿಗೆ ಹೆಸರು ಸಮೇತ ಗೊತ್ತಿತ್ತು. ತಿರುಗಿ ನೋಡುವ ಧೈರ್ಯ ಸಾಲದೆ ಮುಚ್ಚಳ ಮುಚ್ಚಿದ. ಸ್ಕ್ರೂ ತೂತಿಗೆ ಸಿಗದೆ ಎರಡು ಸಲ ಜಾರಿ ಬಿತ್ತು. ಮಾ ಬಗ್ಗಿ ಎತ್ತಿಕೊಟ್ಟ. ಬೈದಿದ್ದರೆ ವಾಸಿಯಿತ್ತು.

"ಹಾಕ್ಲಾ ಚಿಕ್ಕಪ್ಪ?" ಹ್ಯೆರಿಮ್ ಕೇಳಿದಳು.

ಅವನು ಹೂಂ ಎಂದು ತಲೆಯಾಡಿಸಿದ.

ಹಾಡು ಎದ್ದಿತು. ಅದರಡಿಯಲ್ಲಿ, ಅರ್ಥಿಂಗ್ ಕೆಟ್ಟಾಗ ಬರುವ ಗುಂಯ್ ಎನ್ನುವ ಸದ್ದು ಒಂದಿಷ್ಟೂ ಇರಲಿಲ್ಲ. ಎಲ್ಲರೂ ಎದ್ದು, ಸತ್ತವರಿಗೆ ಎರಡು ಸಲ ಎಂಬ ಪದ್ಧತಿಯಂತೆ, ಭಾವಚಿತ್ರಕ್ಕೆ ನೆಲಮುಟ್ಟಿ ಒಮ್ಮೆ ನಮಸ್ಕರಿಸಿದರು, ಎರಡನೆಯ ಸಲ ನಮಸ್ಕರಿಸಿ ಎದ್ದು ನಿಂತರು. ಇಲ್‌ಸೋಪ್ ಮಾತ್ರ ಹಣೆಯನ್ನು ನೆಲದಿಂದ ಎತ್ತಲಿಲ್ಲ. ಹಾಡು ಮುಗಿಯಿತು. ಬಿಳಿ ಕೈಗವಸು ತೊಟ್ಟ, ಶವ ಹೊರುವವರು ಬಾಗಿಲಿಗೆ ಬಂದು, ದಾರಿಗೆ ಅಡ್ಡವಾಗಿ ಬಿದ್ದಿದ್ದ ಆ ಬೆನ್ನನ್ನು ನೋಡುತ್ತಾ ಕಾದು ನಿಂತರು.