ಹಣೆ ಮೇಲೆ ಏಳು

ಇದು ನಡೆದಿದ್ದೇ ಕಣ್ರೀ. ಒಂದಕ್ಷರ ಸುಳ್ಳಾಗಿದ್ರೆ ನಾಳೆಯಿಂದ ನನ್ನ ದೋಸೆ ಕಾವಲಿ ಬಿಟ್ಟು ಏಳದೇ ಹೋಗ್ಲಿ. ಪರದೇಶಕ್ಕೆ ಬಂದು ಈ ಹೌಗಾಂಗ್ ಮೆಸ್ಸಲ್ಲಿ ಅಡುಗೆ ಮಾಡೋ ಸೀನಪ್ಪಂಗೆ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ನಂಗೆ ಹೆಣ್ಣು ನೋಡ್ತಿದಾರೆ. ಉಡುಪಿ ಕಡೆ ಹುಡುಗಿ, ವಿನೋದಾ ಅಂತ. ಅವಳಪ್ಪ ಹೇಳಿ ಕಳ್ಸಿದ್ರು: "ಮೊಬೈಲ್ ಫೋಟೋ ಬೇಡ, ಅದ್ರಲ್ಲಿ ಎಮ್ಮೆನೂ ಬೆಳ್ಳಗೆ ಕಾಣುತ್ತೆ. ರೀಲ್ ಹಾಕಿ ತೆಗೆದ ಒರಿಜಿನಲ್ ಕಳ್ಸಿ." ಹುಡುಗಿ ಅಣ್ಣ ಲತೇಶ್ ಇಲ್ಲೇ ಟೋವಾ ಪಾಯೋದಲ್ಲಿದಾನೆ. ಅವನು ಶುಕ್ರವಾರ ಊರಿಗೆ ಹೊರಟಿದ್ದ, ಅಷ್ಟರಲ್ಲಿ ಫೋಟೋ ಅವನ ಕೈ ಸೇರ್ಬೇಕು.

ನಮ್ಮ ಮೆಸ್ಸಿಗೆ ಬರೋ ಗಿರಿಧರ್ ಸಾರ್ ಕೆಲಸ ಸಾಫ್ಟ್‌ವೇರು, ಹುಚ್ಚು ಹಳೇ ಕ್ಯಾಮೆರಾದ್ದು. ಇಡ್ಲಿ ಪಾತ್ರೆಯಷ್ಟು ದಪ್ಪ ಅದು. ಹೊಟ್ಟೆ ಹತ್ರ ಹಿಡ್ಕೊಂಡು, ಬಾವಿ ಇಣುಕಿದ ಹಾಗೆ ಮೇಲಿಂದ ನೋಡ್ಬೇಕು. ಪುಂಗೋಲ್‌ನಲ್ಲಿ ಅವರ ಮನೆ ಹತ್ರ ನೀರಿನ ಪಕ್ಕ ನಿಲ್ಸಿ ತೆಗೆದ್ರು.

ತೊಳೆಸ್ಕೊಂಡು ಬಂದು ನೋಡಿದ್ರೆ ಮೀಸೆ ಸರಿ, ನಗು ಸರಿ, ಹಣೆ ಮಧ್ಯ ಮಾತ್ರ ಇಷ್ಟು ದೊಡ್ಡ ಏಳು! ಕೆನ್ನೆ ತುಂಬಾ ಚುಕ್ಕಿ!

"ಸಾರ್, ಮದುವೆ ಗಂಡನ್ನ ಬಸ್ ಮಾಡ್ಬಿಟ್ರಲ್ಲ!"

ಆ ಫೋಟೋನ ಹಾಕರ್ ಸೆಂಟರಲ್ಲಿ, ಅದೇ ಊಟದಂಗಡಿಗಳ ಸಾಲಲ್ಲಿ, ಒಬ್ಬ ಚೈನೀಸ್ ಆಂಟಿ ನೋಡ್ಬಿಟ್ರು. ಇಲ್ಲಿನ ಲಾಟರಿಗೆ ನಾಲ್ಕು ಅಂಕಿ ಬೇಕಲ್ಲ, ಇನ್ನು ಮೂರು ಎಲ್ಲಿದೆ ಅಂತ ನನ್ನ ಕಿವಿ ಹಿಂದೆಲ್ಲಾ ಹುಡುಕಿದ್ರು. ನನ್ನ ತಲೆ ನೋಡೋಕೆ ನಿಂತ ಕ್ಯೂ ಟೋವಾ ಪಾಯೋ ದಾಟ್ತು!

ಗಿರಿಧರ್ ಸಾರ್ ಲೆನ್ಸ್ ಒರೆಸಿದ್ರು. ಬೆಳಕು ನುಗ್ಗಿರಬೇಕು ಅಂತ ಕ್ಯಾಮೆರಾ ಸಂದಿಗೆಲ್ಲಾ ನನ್ನ ಪಾರ್ಸೆಲ್ ಟೇಪ್ ಸುತ್ತಿದ್ರು. ಎರಡನೇ ರೀಲಲ್ಲಿ ಅಂಕಿ ಹಣೆ ಬಿಟ್ಟು ಗಲ್ಲಕ್ಕೆ ಇಳೀತು, ಅಷ್ಟೇ. ಕೊನೆಗೆ ಹೊಸ ರೀಲೊಂದನ್ನ ಬಿಚ್ಚಿ ಹರಡಿದ್ರು. ಫಿಲ್ಮ್ ಬೆನ್ನಿಗೆ ಉದ್ದಕ್ಕೂ ಒಂದು ಕಾಗದ, ಅದ್ರ ಮೇಲೆ ಅದೇ ಅಂಕಿ, ಅದೇ ಚುಕ್ಕಿ!

"ಎಷ್ಟನೇ ಫೋಟೋ ಅಂತ ಗೊತ್ತಾಗ್ಲಿ ಅಂತ ಹಾಕಿರ್ತಾರೆ ಸೀನಪ್ಪ. ತೇವ ತಗುಲಿದ್ರೆ ಅದ್ರ ಗುರುತು ಫಿಲ್ಮಿಗೆ ಇಳಿಯುತ್ತೆ. ಆದ್ರೆ ನಾನು ಫ್ರಿಜ್ಜಲ್ಲೇ ಇಟ್ಟಿದ್ನಲ್ಲ, ತೇವ ಎಲ್ಲಿಂದ?"

ಹೋಗಿ ಫ್ರಿಜ್ ತೆಗೆದ್ವಿ. ರೀಲೆಲ್ಲಾ ಒದ್ದೆ ಬಟ್ಟೇಲಿ, ಮಲ್ಲಿಗೆ ಮೊಗ್ಗಿನ ಜೊತೆ ಮಲಗಿದ್ವು!

"ಅಮ್ಮಾ! ಏನಿದು?"

ಅವರಮ್ಮ ಭಾನುಮತಿ ಆಂಟಿ ಸೊಂಟಕ್ಕೆ ಕೈ ಇಟ್ರು. "ನೀನೇ ಹೇಳಿದ್ದಲ್ಲೋ, ತಣ್ಣಗಿರ್ಲಿ, ಹಾಳಾಗ್ಬಾರ್ದು ಅಂತ? ಹೂವೇ ಬಾಡಲ್ಲ, ನಿನ್ನ ರೀಲ್ ಬಾಡುತ್ತಾ?"

"ಅದು ಫಿಲ್ಮಮ್ಮಾ, ಮುಡಿಯೋದಲ್ಲ!"

ಅಂಗಡಿಯಿಂದ ಒಣ ರೀಲ್ ತಂದು, ಫ್ರಿಜ್ ಹತ್ರಾನೂ ಸುಳಿಯೋಕೆ ಬಿಡದೆ, ಅವತ್ತೇ ತೆಗೆದು ತೊಳೆಸಿದ್ವಿ. ಅಬ್ಬಾ, ಹಣೆ ಅಂದ್ರೆ ಬಾಳೆಲೆ! ಒಂದು ಚುಕ್ಕಿ ಇಲ್ಲ. ಲತೇಶ್ ಬಂದ್ರೆ ಕೊಡಿ ಅಂತ ಆಂಟಿ ಕೈಗೆ ಕೊಟ್ಟು ನಾನು ಸಾಂಬಾರ್ ಇಳಿಸೋಕೆ ಓಡಿದೆ.

ಸಾಯಂಕಾಲ ಹೋಗಿ ನೋಡಿದ್ರೆ ಬಾಳೆಲೆ ಹಣೆ ಟೇಬಲ್ ಮೇಲೇ ನಗ್ತಿದೆ! ಪಕ್ಕದಲ್ಲಿದ್ದ ಹಳೇ ಫೋಟೋ ಇಲ್ಲ.

"ಆಂಟಿ, ಯಾವ್ದು ಕೊಟ್ರಿ?"

"ಏಳು ಇರೋದು ಕಣಪ್ಪ. ಅವ್ರು ಒರಿಜಿನಲ್ ಕೇಳಿದ್ರಲ್ಲ? ನಂಬರ್ ಇದ್ರೆ ತಾನೇ ಒರಿಜಿನಲ್ಲು!"

ಅಷ್ಟೊತ್ತಿಗೆ ಲತೇಶ್ ವಿಮಾನ ಹತ್ತಿಯಾಗಿತ್ತು.

ನಿನ್ನೆ ವಿನೋದಾನೇ ಫೋನ್ ಮಾಡಿದ್ಲು. "ಫೋಟೋ ನೋಡ್ದೆ, ಪರ್ವಾಗಿಲ್ಲ" ಅಂದ್ಲು. ನಾನು ಕಾವಲಿ ಮೇಲೇ ಕುಣಿಯೋದು ಬಾಕಿ! ಆಮೇಲೆ ಮೆಲ್ಲಗೆ ಕೇಳ್ತಾಳೆ, "ನೀವು ಏಳನೆಯವ್ರು. ಮೊದಲಿನ ಆರು ಗಂಡುಗಳ ಫೋಟೋನ ಅಣ್ಣ ಯಾಕೆ ತರ್ಲಿಲ್ಲ? ಎಲ್ಲಾ ನೋಡಿ ಹೇಳ್ತೀನಿ."

ಬೇರೆ ಗಂಡೇ ಇಲ್ಲ ಅಂದ್ರೆ ನಂಬಲ್ಲ ಮಾರಾಯ್ತಿ! ಅದಕ್ಕೇ ನಿನ್ನೆಯಿಂದ ಹುಡುಕ್ತಿದೀನಿ, ನನಗಿಂತ ಒಂಚೂರು ಕಳಪೆ ಇರೋ ಮುಖಗಳನ್ನ. ಐದು ಸಿಕ್ಕಿದೆ. ನೀವು ಬಾಗಿಲಲ್ಲಿ ಕಾಣ್ತಿದ್ದ ಹಾಗೇ ನಂಗೆ ಧೈರ್ಯ ಬಂತು.

ದೋಸೆ ಆಮೇಲೆ ತಿನ್ನಿ. ಕ್ಯಾಮೆರಾ ರೆಡಿ ಇದೆ, ಸ್ವಲ್ಪ ಈ ಕಡೆ ತಿರುಗಿ. ನಗ್ಬೇಡಿ, ಹೀಗೇ ಇರ್ಲಿ.