ಒಂದೊಂದೇ ಸಾಲು

ಪರದೆಯ ಮೇಲೆ ಪದ್ಯದ ನಾಲ್ಕನೆಯ ಸಾಲು ಮೂಡಿ ನಿಂತಿತ್ತು. ಗಿರಿಜಾದೇವಿ ಮತ್ತೆ ಎರಡನೆಯ ಸಾಲನ್ನೇ ಎತ್ತಿಕೊಂಡರು. ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಅವರ ಗಂಡ ನಾಣಿ, ಎಡಕ್ಕೆ ತಿರುಗಿದ ಬಾಣದ ಕೀಯನ್ನು ಎರಡು ಸಲ ಒತ್ತಿದರು. ನಾಲ್ಕನೆಯದು ಅಳಿಯಿತು, ಮೂರನೆಯದೂ ಅಳಿಯಿತು. ಹೆಂಡತಿಯ ದನಿ ಎಲ್ಲಿತ್ತೋ ಪರದೆಯೂ ಅಲ್ಲಿಗೆ ಬಂದು ನಿಂತಿತು.

"ಆಹಾ, ಎಷ್ಟು ಸಲ ಕೇಳಿದ್ರೂ ಸಾಲ್ದು ಕಣೇ," ಎಂದರು ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಜಗದಾಂಬಾ.

"ಸಾಲ್ದು ಅಂತೀಯ, ಪ್ರಸಾದ ಕೈಗೆ ಬಿದ್ದ ತಕ್ಷಣ ಮಾಯ ಆಗ್ತೀಯ," ಎಂದರು ಪಕ್ಕದ ಪುಟ್ಟಲಕ್ಷ್ಮಿ.

ಗೋವಿಂದರಾಜನಗರದ ರಾಮಮಂದಿರದಲ್ಲಿ ಶನಿವಾರ ಸಂಜೆಯ ಗಮಕ. ಗಿರಿಜಾದೇವಿ ಪದ್ಯ ಓದುವುದು, ರಾಮಯ್ಯ ಮೇಷ್ಟ್ರು ಅರ್ಥ ಹೇಳುವುದು. ಹದಿನೆಂಟು ವರ್ಷಗಳಿಂದ ನಡೆದುಬಂದದ್ದು. ಪರದೆ ಬಂದದ್ದು ಮಾತ್ರ ಈ ವರ್ಷ. ಕೇಳುವವರಿಗೆ ಪದ್ಯ ಕಣ್ಣೆದುರಿಗಿದ್ದರೆ ಒಳ್ಳೆಯದಲ್ಲವೇ ಎಂದು ನಾಣಿಯೇ ಸ್ಲೈಡುಗಳನ್ನು ಮಾಡಿದ್ದರು. ಎಲ್ಲರೂ ಹೊಗಳಿದರು. ಪರದೆ ಇರುವುದು ಕೇಳುವವರಿಗಲ್ಲ, ಓದುವವಳಿಗೆ ಎಂಬುದು ನಾಣಿಗೆ ಮತ್ತು ನಾಗರಬಾವಿಯ ಡಾಕ್ಟರಿಗೆ ಮಾತ್ರ ಗೊತ್ತಿತ್ತು. ಬಾಯಿಪಾಠವಾಗಿದ್ದ ಪದ್ಯಗಳು ಆಕೆಗೆ ಒಂದೊಂದಾಗಿ ಮರೆಯುತ್ತಿದ್ದವು. ಪುಸ್ತಕ ಹಿಡಿದರೆ ಆರು ಸಾಲೂ ಒಟ್ಟಿಗೆ ಕಂಡು ಗಾಬರಿಯಾಗುತ್ತಿದ್ದರು. ಒಂದೊಂದೇ ಸಾಲು ಬಂದರೆ ಹಿಡಿದುಕೊಳ್ಳುತ್ತಿದ್ದರು. ಅದಕ್ಕೇ ಒಂದು ಸಾಲಿಗೆ ಒಂದು ಒತ್ತು.

ಗಮಕದಲ್ಲಿ ಸಾಲನ್ನು ತಿರುಗಿಸಿ ತಿರುಗಿಸಿ ಓದುವ ವಾಡಿಕೆ ಉಂಟು. ಅದು ನಾಣಿಯನ್ನು ಈವರೆಗೆ ಕಾಪಾಡಿತ್ತು. ಇವತ್ತಿನ ಹನ್ನೆರಡು ಪದ್ಯ ಮುಗಿದ ಮೇಲೆ, ಗಿರಿಜೆಗೆ ಗಂಟಲು ಸರಿಯಿಲ್ಲ, ಇನ್ನು ಓದುವುದಿಲ್ಲ ಎಂದು ಹೇಳಿ ನಿಲ್ಲಿಸಿಬಿಡುವುದೆಂದು ಅವರು ನಿಶ್ಚಯಿಸಿದ್ದರು. ಮಂದಿರದವರಿಗೂ ಹಾಗೆಯೇ ತಿಳಿಸಿದ್ದರಿಂದ ಕೊನೆಗೆ ಸನ್ಮಾನದ ಏರ್ಪಾಟೂ ಆಗಿತ್ತು. ಯಾರಿಗೂ ಗೊತ್ತಾಗದ ಹಾಗೆ ಈ ಒಂದು ಸಂಜೆ ದಾಟಿದರೆ ಸಾಕಿತ್ತು.

ಒಂಬತ್ತನೆಯ ಪದ್ಯದ ಮೂರನೆಯ ಸಾಲಿನಲ್ಲಿ ಗಿರಿಜಾದೇವಿ ನಿಂತರು. ಆಮೇಲೆ ಹಿಂದಿನ ಯಾವುದೋ ಪದ್ಯದ ಒಂದು ಮಾತನ್ನು ಎತ್ತಿ ಮತ್ತೆ ನಿಂತರು. ನಾಣಿ ಅವಸರದಲ್ಲಿ ಹಿಂದಕ್ಕೆ ಒತ್ತುತ್ತಾ ಹೋದರು. ಸಾಲುಗಳು ಅಳಿದವು, ಪುಟವೇ ಮಗುಚಿತು. ಎಂಟನೆಯ ಪದ್ಯ ಆರೂ ಸಾಲಿನೊಂದಿಗೆ ಒಮ್ಮೆಲೇ ಪರದೆ ತುಂಬಿತು. ಹಾಗೆ ಹಿಂದೆ ಹೋದರೆ ಪುಟ ತುಂಬಿಕೊಂಡೇ ಬರುತ್ತದೆ. ಮೊದಲಿನಂತೆ ಸಾಲು ಸಾಲಾಗಿ ಬರಬೇಕಾದರೆ ಪುಟದ ಅಂಕಿ ಒತ್ತಿ ಎಂಟರ್ ಕೊಡಬೇಕು. ಅದು ಗೊತ್ತಿದ್ದೂ ಕೈ ತಪ್ಪಿತ್ತು.

ಗಿರಿಜಾದೇವಿ ತುಂಬಿದ ಪರದೆಯನ್ನು ನೋಡುತ್ತಾ ಕೂತರು. ಶ್ರುತಿಪೆಟ್ಟಿಗೆಯೊಂದೇ ಗುಂಯ್‌ಗುಡುತ್ತಿತ್ತು.

ಮೇಷ್ಟ್ರು ಮೈಕಿನಿಂದ ಮುಖ ಸರಿಸಿ, "ಗಿರಿಜಮ್ಮಾ, ಎಂಟು ಆಯ್ತು. ಮುಂದಿಂದು ಹೇಳಿ," ಎಂದರು.

"ಮೊದ್ಲಿಂದ ಅಲ್ವೇ ಮೇಷ್ಟ್ರೇ? ಈಗ ತಾನೇ ಬಂದು ಕೂತ್ವಲ್ಲ."

ಆಕೆಯ ಮುಖ ಮೈಕಿನೆದುರೇ ಇತ್ತು. ಮಾತು ಇಡೀ ಸಭಾಂಗಣಕ್ಕೆ ಕೇಳಿಸಿತು. ಜಗದಾಂಬಾ ಮೆಲ್ಲಗೆ, "ಪಾಪ," ಎಂದರು.

ನಾಣಿಗೆ ಎದೆಯೊಳಗೆ ಏನಾದರೂ ಆಗಬೇಕಿತ್ತು. ಆಗಲಿಲ್ಲ. ಕೀಗಳ ಮೇಲಿದ್ದ ಬೆರಳುಗಳು ಬೇರೆ ಯಾರದೋ ಬೆರಳುಗಳಂತೆ ಕಂಡವು. ಉಗುರು ಕತ್ತರಿಸಿಕೊಳ್ಳಬೇಕು ಎನಿಸಿತು.

ಮಂದಿರದ ಕಾರ್ಯದರ್ಶಿ ಕಾಂತರಾಜು ಬಗ್ಗಿಕೊಂಡು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಸಾರ್, ಕೊನೇ ಸ್ಲೈಡ್ ಹಾಕ್ಬಿಡಿ. ಮಂಗಳ ಹೇಳ್ಸಿ ಮುಗ್ಸೋಣ. ಹಾರ, ಶಾಲು ಎಲ್ಲಾ ರೆಡಿ ಐತೆ. ಅಮ್ಮೋರ ಮರ್ಯಾದೆ ಉಳೀತದೆ."

"ಹೌದು," ಎಂದರು ನಾಣಿ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಒಂದು, ಎರಡು ಅಂಕಿಗಳನ್ನು ಒತ್ತಿ ಎಂಟರ್ ಕೊಟ್ಟರೆ ಹನ್ನೆರಡನೆಯ ಪದ್ಯ ಬರುತ್ತಿತ್ತು, ಅದೇ ಮಂಗಳ. ಅವರು ಒಂದನ್ನು ಒತ್ತಿದರು. ವೇದಿಕೆಯ ಮೇಲೆ ಗಿರಿಜೆ ಸೆರಗು ಹೊದ್ದು, ಬೆನ್ನು ನೆಟ್ಟಗೆ ಮಾಡಿಕೊಂಡು, ಆಗ ತಾನೇ ಬಂದು ಕೂತವರ ಹಾಗೆ ಇವರತ್ತ ನೋಡುತ್ತಿದ್ದರು. ನಾಣಿ ಎರಡನ್ನು ಒತ್ತದೆ ಅಷ್ಟಕ್ಕೇ ಎಂಟರ್ ಒತ್ತಿದರು.

ಪರದೆ ಖಾಲಿಯಾಯಿತು. ಇನ್ನೊಂದು ಒತ್ತಿಗೆ ಮೊದಲ ಪದ್ಯದ ಮೊದಲ ಸಾಲು ಎಡದಿಂದ ಬಲಕ್ಕೆ ನಿಧಾನವಾಗಿ ಮೂಡಿತು.

"ಸಾರ್! ಹನ್ನೆರಡೂ ಮತ್ತೆ ಹೇಳ್ಸ್ತೀರಾ?"

"ಅವಳಿಗೆ ಎಷ್ಟಾಗುತ್ತೋ ಅಷ್ಟು. ಹೋಗೋರು ಹೋಗ್ಲಿ ಬಿಡು ಕಾಂತರಾಜು. ಪ್ರಸಾದ ಕೊಟ್ಟು ಕಳ್ಸು."

ಗಿರಿಜಾದೇವಿ ಸಾಲನ್ನು ಹಿಡಿದರು. ದನಿ ಸಂಜೆಯ ಮೊದಲಿಗೆ ಇದ್ದಷ್ಟೇ ಗಟ್ಟಿಯಾಗಿತ್ತು. ಎರಡನೆಯ ಸಾಲು, ಮೂರನೆಯದು. ಹಿಂದಿನ ಕುರ್ಚಿಗಳು ಕಿರುಗುಟ್ಟಿದವು. ನಾಲ್ಕಾರು ಜನ ತಲೆ ತಗ್ಗಿಸಿ ಎದ್ದು ಬಾಗಿಲಲ್ಲಿ ಚಪ್ಪಲಿ ಹುಡುಕಿದರು. ಚೀಲ ಎತ್ತಿಕೊಂಡು ಅರ್ಧ ಎದ್ದಿದ್ದ ಜಗದಾಂಬಾ ಅದನ್ನು ಕಾಲ ಬಳಿ ಇಟ್ಟು ಮತ್ತೆ ಕೂತರು. ಆರನೆಯ ಸಾಲು ಮುಗಿಯಿತು.

ಈಗ ಅರ್ಥ ಹೇಳಬೇಕಾದ ಹೊತ್ತು. ನಾಣಿ ಬೆರಳನ್ನು ಕೀ ಮೇಲಿಟ್ಟುಕೊಂಡೇ ತಲೆ ಎತ್ತಿದರು. ರಾಮಯ್ಯ ಮೇಷ್ಟ್ರು ಕನ್ನಡಕ ಒರೆಸಿ ಹಾಕಿಕೊಂಡರು, ಪುಸ್ತಕವನ್ನು ಮೊದಲ ಪುಟಕ್ಕೆ ಮಗುಚಿದರು, ಮೈಕನ್ನು ಹತ್ತಿರ ಎಳೆದುಕೊಂಡು, ಒಂದು ಗಂಟೆಯ ಹಿಂದೆ ಹೇಳಿದ್ದನ್ನೇ ಆ ದಿನದ ಮೊದಲ ಮಾತೆಂಬಂತೆ ನಿಧಾನವಾಗಿ ಹೇಳತೊಡಗಿದರು.