ಕೊಕ್ಕೆಯಿಲ್ಲದ ದಾರ

ಸೆಗಾವಾ ತಮೊತ್ಸುವಿನ ಗಾಳಕ್ಕೆ ಕೊಕ್ಕೆ ಇರಲಿಲ್ಲ. ತನ್ನ ಎತ್ತರದ ಎರಡರಷ್ಟು ಉದ್ದದ ಕೋಲನ್ನು ಹೆಗಲ ಮೇಲಿಟ್ಟು, ಎಡಗಾಲನ್ನು ಕೊಂಚ ಎಳೆಯುತ್ತ, ಈಜಲು ಬಂದ ಪ್ರವಾಸಿಗರು ಇನ್ನೂ ವಸತಿಗೃಹಗಳಲ್ಲಿ ಮಿಸೊ ಸಾರು ಕುಡಿಯುತ್ತಿರುವ ಹೊತ್ತಿಗೆ ಅವನು ದಂಡೆಗೆ ಇಳಿಯುತ್ತಿದ್ದ. ಹಿಂದೆ ಯಾರೂ ಇಲ್ಲವೆಂದು ಒಮ್ಮೆ ತಿರುಗಿ ನೋಡಿ, ಮತ್ತೊಮ್ಮೆ ನೋಡಿ, ಮುಗಿಯಿತೆಂದು ನಾವಂದುಕೊಂಡ ಮೇಲೆ ಇನ್ನೊಮ್ಮೆ ನೋಡಿ, ಬರಿಯ ಸೀಸದ ಗುಂಡು ಕಟ್ಟಿದ ದಾರವನ್ನು ಅಲೆಗಳಾಚೆ ಬೀಸಿ ಎಸೆಯುತ್ತಿದ್ದ. ಆ ಎಸೆತದ ಸೊಗಸನ್ನು ನಮ್ಮೂರಾದ ಹಮಾಸಕಿಯ ದಂಡೆ ಮತ್ತೆ ಕಾಣುವುದು ಕಷ್ಟ. ಗುಂಡು ನೀರಿಗೆ ಬಿದ್ದ ಸದ್ದು ನಮಗೆ ಕೇಳುತ್ತಲೇ ಇರಲಿಲ್ಲ.

ದಂಡೆಯ ಮೇಲೆ ಹುಳು, ಕೊಕ್ಕೆ ಮಾರುವ ಅಂಗಡಿ ನನ್ನದು. ಅವನು ನನ್ನಲ್ಲಿ ಕೊಳ್ಳುತ್ತಿದ್ದುದು ದಾರ ಮತ್ತು ಸೀಸ ಮಾತ್ರ.

"ಲೋ ತಮೊತ್ಸು, ನಿನ್ನಂಥ ಗಿರಾಕಿಗಳೇ ಸಿಕ್ಕಿದ್ರೆ ನನ್ನ ಹುಳುಗಳು ಪೆಟ್ಟಿಗೇಲೇ ಮುದಿಯಾಗಿ ಮೊಮ್ಮಕ್ಕಳನ್ನ ಕಾಣ್ತಾವೆ" ಎನ್ನುತ್ತಿದ್ದೆ.

"ಕಾಣ್ಲಿ ಬಿಡೋ. ಅವುಕ್ಕೂ ಒಂದು ಸಂಸಾರ ಬೇಡ್ವಾ?"

ನಮ್ಮ ಕಡೆ ಮೀನಿಲ್ಲದೆ ಮನೆಗೆ ಹೋಗುವವನನ್ನು ಬೋಳು ಸನ್ಯಾಸಿ ಎಂದು ಕರೆಯುತ್ತೇವೆ. ಪಕ್ಕದಲ್ಲಿ ಕಾಣೆ ಮೀನು ಹಿಡಿಯುತ್ತಿದ್ದವರು, "ಏನು ಸ್ವಾಮಿಗಳೇ, ಇವತ್ತೂ ಉಪವಾಸಾನಾ?" ಎಂದು ಕೂಗಿದರೆ, ಅವನು ಕೈಯೆತ್ತಿ ಆಶೀರ್ವದಿಸುತ್ತಿದ್ದ. ಹೊರಗಿನಿಂದ ಬಂದವರು ಅವನನ್ನು ವಿನೋದದ ಮನುಷ್ಯನೆಂದು ತಿಳಿಯುತ್ತಿದ್ದರು. ಊರಿನವರಿಗೆ ಮಾತ್ರ ಕಾರಣ ಗೊತ್ತಿತ್ತು.

ಒಂದು ಕಾಲದಲ್ಲಿ ತಮೊತ್ಸು ಇಲ್ಲಿಯ ಹಳೆಯ ವಸತಿಗೃಹವೊಂದರ ಬಾಗಿಲ ಮೇಲ್ವಿಚಾರಕನಾಗಿದ್ದ. ಬಂದವರಿಗೆ ಬಾಗುವುದು, ಹೋಗುವವರ ಬಂಡಿ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಯೇ ಇರುವುದು ಅವನ ಕಸುಬು. ಬೆಳಗಿನ ಹೊತ್ತು ಅತಿಥಿಗಳನ್ನು ದಂಡೆಗೆ ಕರೆತಂದು ಗಾಳ ಎಸೆಯುವುದನ್ನು ಕಲಿಸುತ್ತಿದ್ದ. ಹಾಗೆ ಕಲಿಸುತ್ತಿದ್ದ ಒಂದು ಮುಂಜಾನೆ, ಕೋಲನ್ನು ಹಿಂದಕ್ಕೆ ಬೀಸಿದ್ದಾನೆ, ದಾರ ಗಾಳಿಯಲ್ಲಿದೆ, ಆಗ ಅತಿಥಿಗಳಿಗೆ ಚಹಾ ತಂದ ವಸತಿಗೃಹದ ಒಡತಿ ಯೊಶಿನೊ ಬೆನ್ನ ಹಿಂದಿನಿಂದ, "ಎಷ್ಟು ಬೇಗ ಎದ್ದಿದ್ದೀರಿ ಸೆಗಾವಾ ಅವ್ರೇ!" ಎಂದಳು. ಒಡತಿ ಮಾತನಾಡಿಸಿದರೆ ಬಾಗದೆ ಇರುವುದು ಅವನ ಬೆನ್ನಿಗೆ ತಿಳಿದಿರಲೇ ಇಲ್ಲ. ದಾರ ಗಾಳಿಯಲ್ಲಿರುವಾಗಲೇ ಅವನು ದನಿ ಬಂದ ಕಡೆಗೆ ತಿರುಗಿ ಬಾಗಿದ. ಕೊಕ್ಕೆ ಅವಳ ಹುಬ್ಬಿನ ಕೊನೆಗೆ ನಾಟಿತು. ಕಣ್ಣು ಉಳಿಯಿತು, ಹಣೆಯವರೆಗೆ ಒಂದು ಗೀರು ಶಾಶ್ವತವಾಗಿ ಉಳಿಯಿತು. ಕೊಕ್ಕೆ ಇನ್ನೂ ಚರ್ಮದಲ್ಲಿರುವಾಗಲೇ ಅವಳು ಅವನಿಗೆ ತಲೆಬಾಗಿ, ಹಿಂದಿನಿಂದ ಮಾತಾಡಿಸಿದ್ದು ತನ್ನದೇ ತಪ್ಪು ಎಂದಳಂತೆ.

ಅವನು ಕೆಲಸ ಬಿಟ್ಟ. ಅವಳು ಬೇಡವೆಂದರೂ ಬಿಟ್ಟು, ಕಡಲಿನಲ್ಲಿ ಮಿಂದವರು ಮರಳು ತೊಳೆದುಕೊಳ್ಳುವ ಕೊಠಡಿಗಳನ್ನು ಗುಡಿಸುವ ಕೆಲಸಕ್ಕೆ ಸೇರಿದ. ಅಂದಿನಿಂದ ಪ್ರತಿ ವರ್ಷ ಅದೇ ದಿನ, ಆ ಬೇಸಗೆಯ ಬೇಗೆಯಲ್ಲಿ, ತನ್ನ ಮದುವೆಯ ಕಪ್ಪು ಕೋಟನ್ನು ಕತ್ತಿನವರೆಗೆ ಗುಂಡಿ ಹಾಕಿ ತೊಟ್ಟು, ಸಿಹಿಯ ಪೊಟ್ಟಣ ಹಿಡಿದು ವಸತಿಗೃಹಕ್ಕೆ ಹೋಗುತ್ತಿದ್ದ. ಚಪ್ಪಲಿ ಬಿಡುವ ಜಾಗದ ಬರಿ ನೆಲದಲ್ಲಿ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ, ಅವಳು ಏಳಿ ಎನ್ನುವವರೆಗೆ ಹಾಗೆಯೇ ಇರುತ್ತಿದ್ದ. ಅವಳು ಏಳಿ ಎನ್ನುತ್ತಿದ್ದಳು, ಮರುಕಾಣಿಕೆ ಕೊಡುತ್ತಿದ್ದಳು. ಊರು ಅವನನ್ನು ಸಜ್ಜನನೆಂದಿತು. ನಾನೂ ಹಾಗೆಂದವನೇ.

ಕೊನೆಯ ಸಲ ಅವನ ಮಂಡಿಗಳು ಸೋತಿದ್ದರಿಂದ ಆಸರೆಗೆ ನಾನು ಜೊತೆಗೆ ಹೋದೆ. ಅದು ಅತಿಥಿಗಳು ತುಂಬಿದ್ದ ದಿನ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಕಂಬದ ಮರೆಯಲ್ಲಿ ಪಿಸುಗುಟ್ಟುತ್ತಿದ್ದರು. ಅವನು ನೆಲಕ್ಕೆ ಹಣೆಯಿಟ್ಟ. ಯೊಶಿನೊ ಏಳಿ ಎನ್ನಲಿಲ್ಲ. ಅವಳೇ ಕೆಳಗಿಳಿದು, ಅವನೆದುರು ಕುಕ್ಕರಗಾಲಲ್ಲಿ ಕುಳಿತು, ತೀರ ಮೆಲ್ಲಗೆ ಹೇಳಿದಳು:

"ಸೆಗಾವಾ ಅವ್ರೇ, ಆ ಕೊಕ್ಕೇನ ಡಾಕ್ಟರು ಅವತ್ತೇ ತೆಗೆದ್ರು. ವರ್ಷವಿಡೀ ನನಗದು ನೆನಪೇ ಇರಲ್ಲ. ಈ ದಿನ ಬಂದ್ರೆ ಮಾತ್ರ ಹೊಸ ಹುಡುಗೀರು ಮೊದ್ಲು ನಿಮ್ಮ ಬೆನ್ನು ನೋಡ್ತಾರೆ, ಯಾಕೆ ಅಂತ ಕೇಳ್ತಾರೆ, ಆಮೇಲೆ ನನ್ನ ಮುಖ ನೋಡ್ತಾರೆ. ನಾನು ಮತ್ತೆ ಗಾಯದ ಹೆಂಗಸಾಗ್ತೀನಿ. ಸಾಕು ಮಾಡಿ."

ತಮೊತ್ಸು ತಲೆಯೆತ್ತಿದ. "ಅಯ್ಯೋ ಅಮ್ಮಾ, ತಪ್ಪಾಯ್ತು" ಎನ್ನುತ್ತ ಮತ್ತೆ ಬಾಗತೊಡಗಿ, ಏನು ಮಾಡುತ್ತಿದ್ದೇನೆಂದು ಹೊಳೆದು, ಅರ್ಧದಲ್ಲಿ ನಿಂತುಬಿಟ್ಟ. ಮೇಲೇಳಲೂ ಆಗದೆ, ಕೆಳಗೆ ಹೋಗಲೂ ಆಗದೆ ನಿಂತ ಆ ಬೆನ್ನನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ತೋಳು ಹಿಡಿದು ಎಬ್ಬಿಸಿದೆ. ಅವನ ಕಿವಿಗಳು ಕೆಂಪಾಗಿದ್ದವು.

ದೇವದಾರುಗಳ ನೆರಳಿನ ದಾರಿಯಲ್ಲಿ ಬಹಳ ದೂರ ನಡೆದ ಮೇಲೆ ಬಾಯಿಬಿಟ್ಟ: "ಜನ ನೋಡ್ತಾರೆ ಅಂತ ನಂಗೊತ್ತಿತ್ತು ಕಣೋ."

ಕೋಟಿನ ಕತ್ತಿನ ಗುಂಡಿ ಬಿಚ್ಚಿಕೊಂಡು ಅವನೇ ಮುಂದುವರಿಸಿದ:

"ನೋಡ್ಲಿ ಅಂತ್ಲೇ ಹೋಗ್ತಿದ್ದೆ ಅನ್ಸುತ್ತೆ. ಸೆಗಾವಾ ಎಂಥ ಮನುಷ್ಯ ಅಂತ ಅವ್ರು ಅಂದ್ರೆ ಆ ರಾತ್ರಿ ನಿದ್ದೆ ಬರ್ತಿತ್ತು. ಅವ್ಳಿಗೆ ಬರ್ತಿತ್ತೋ ಇಲ್ವೋ, ಒಂದ್ಸಲಾನೂ ಯೋಚನೆ ಮಾಡ್ಲಿಲ್ಲ ನೋಡು."

ಅದುವರೆಗೆ ಅವನು ಪಟ್ಟಿದ್ದು ನಾಚಿಕೆಯಾಗಿರಲಿಲ್ಲ, ನಾಚಿಕೆ ಈಗ ಶುರುವಾಯಿತು ಎಂದು ನನಗನಿಸಿತು. ಇನ್ನಾದರೂ ಕೊಕ್ಕೆ ಕಟ್ಟುತ್ತೀಯಾ ಎಂದು ಕೇಳಿದ್ದಕ್ಕೆ, "ಬೇಡಪ್ಪ. ಈಗ ಪಶ್ಚಾತ್ತಾಪ ಅಲ್ಲ, ಮೀನು ತೊಳೆಯೋಕೆ ಸೋಮಾರಿತನ" ಎಂದ. ನಗು ಬರಿಸುವ ಶಕ್ತಿ ಅವನಿಗೆ ಆಗಲೂ ಇತ್ತು.

ಮರುವರ್ಷ ಆ ದಿನ ಅವನು ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಳಿತ. ಬೆಳಗಿನಿಂದ ಸಂಜೆಯವರೆಗೆ, ಎರಡೂ ಅಂಗೈಗಳನ್ನು ತೊಡೆಗಳ ಕೆಳಗಿಟ್ಟುಕೊಂಡು, ಓಡಿಹೋಗದಂತೆ ತನ್ನನ್ನು ತಾನೇ ಹಿಡಿದಿಟ್ಟವನ ಹಾಗೆ ಕುಳಿತಿದ್ದ. ಎಷ್ಟೋ ಸಲ ಎದ್ದ, ಬಾಗಿಲವರೆಗೆ ಹೋದ, ಮರಳಿ ಕುಳಿತ. ಕೊಟ್ಟ ಚಹಾ ಆರಿಹೋಯಿತು. ನೆಲಕ್ಕೆ ಹಣೆ ಮುಟ್ಟಿಸುವುದು ಅವನಿಗೆ ಎಷ್ಟು ಸುಲಭವಾಗಿತ್ತೆಂಬುದು ನನಗೆ ಅಂದು ತಿಳಿಯಿತು.

ಆ ಚಳಿಗಾಲದಲ್ಲಿ ಅವನು ತೀರಿಕೊಂಡ. ಯೊಶಿನೊ ಬಂದು ಧೂಪ ಹಾಕಿ ಕೈಮುಗಿದಳು. ಹೊರಡುವಾಗ ನನ್ನ ಹತ್ತಿರ ನಿಂತು, "ಈ ಸಲ ಅವ್ರು ಬರ್ಲಿಲ್ಲ. ಬರದೆ ಇರೋಕೆ ಎಷ್ಟು ಕಷ್ಟ ಪಟ್ಟಿರ್ತಾರೆ ಅಂತ ನಂಗೆ ಗೊತ್ತು. ಅದು ನಂಗೆ ತಲುಪ್ತು" ಎಂದಳು. ಅದನ್ನು ಕೇಳಬೇಕಾಗಿದ್ದವನು ಹೂಗಳ ನಡುವೆ ಮಲಗಿದ್ದ.

ತಪ್ಪು ಮಾಡಿ ಮರೆತುಬಿಡುವವರ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಮರೆಯಲಾರದವರನ್ನು ಮಾತ್ರ ಗೌರವದಿಂದ ದೂರದಲ್ಲಿಟ್ಟು, ಅವರಿಗೆ ಒಳ್ಳೆಯವರೆಂಬ ಹೆಸರು ಕೊಟ್ಟು ಸುಮ್ಮನಾಗುತ್ತೇವೆ. ಅಂಥವರು ತಮ್ಮ ನೋವನ್ನು ಎಷ್ಟು ಶ್ರದ್ಧೆಯಿಂದ ಸಾಕುತ್ತಾರೆಂದರೆ, ನೊಂದವರೇ ಬಂದು ಅವರನ್ನು ಸಂತೈಸಬೇಕಾಗುತ್ತದೆ. ಬಹುಪಾಲು ಮಂದಿ ಅದನ್ನು ಕಾಣದೆಯೇ, ಸಜ್ಜನರಾಗಿಯೇ ಸಾಯುತ್ತಾರೆ. ತಡವಾಗಿಯಾದರೂ ಕಂಡು, ಯಾರ ಮೆಚ್ಚುಗೆಯೂ ಇಲ್ಲದೆ ಒಂದು ದಿನ ಸುಮ್ಮನೆ ಕುಳಿತಿರಲು ಕಲಿತವರು ಎಲ್ಲೋ ಕೆಲವರು. ಅವರ ಆ ದಿನ ಹೊರಗಿನವರಿಗೆ ಏನೂ ನಡೆಯದ ದಿನದಂತೆಯೇ ಕಾಣುತ್ತದೆ.